ನಾವು ಉಸಿರಾಡುವ ಮನೆ



ಅಕ್ಕಿಯಲ್ಲಿ ಕಲ್ಲಿದೆಯೇ ಎಂದು ಮೊರಕ್ಕೆ ಹಾಕಿ ಕೇರುತ್ತೇವೆ. ಹಾಲು ನೀರಾಗಿದೆಯೇ ಎಂದು ಬೆರಳದ್ದಿ ನೋಡುತ್ತೇವೆ. ಕುಡಿಯುವ ನೀರನ್ನು ಸೋಸಿ, ಕಾಯಿಸಿ, ಆರಿಸಿ ಮಕ್ಕಳಿಗೆ ಕೊಡುತ್ತೇವೆ. ಇಷ್ಟೆಲ್ಲ ಜಾಗರೂಕತೆ ನಮಗಿದೆ. ಆದರೆ ದೊಡ್ಡವರೊಬ್ಬರು ದಿನಕ್ಕೆ ಸುಮಾರು 10,000 ಲೀಟರಿನಷ್ಟು ಒಳಗೆಳೆದುಕೊಳ್ಳುವ ಗಾಳಿಯನ್ನು ಯಾರು ಕೇರುತ್ತಾರೆ, ಯಾರು ಸೋಸುತ್ತಾರೆ? ಗಾಳಿ ಎಂದರೆ ಹೊರಗಿನದು, ಅದು ಕೆಟ್ಟರೆ ಸರಕಾರ ನೋಡಿಕೊಳ್ಳಲಿ ಎಂದು ನಾವು ಸುಮ್ಮನಿರುತ್ತೇವೆ. ನಾಲ್ಕು ಗೋಡೆಯೊಳಗಿನ ಗಾಳಿಯ ಯಜಮಾನಿಕೆ ಮಾತ್ರ ನಮ್ಮದೇ. ಈ ಸಲ ಅದರ ಬಗ್ಗೆ ನಾಲ್ಕು ಮಾತು ಆಡೋಣ.

ಇದಕ್ಕೆ ಕಾರಣವಾದದ್ದು ಒಂದು ಪತ್ರ. ಜೋಯಿಡಾ ತಾಲೂಕಿನ ಉಳವಿ ಸಮೀಪದ ಊರಿನ ಸೋದರಿಯೊಬ್ಬರು ಬರೆದಿದ್ದಾರೆ. ಅವರ ಮಗಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ಚಿಕ್ಕಂದಿನಲ್ಲಿ ಅವಳಿಗೆ ದಮ್ಮಿನ ತೊಂದರೆ ಇತ್ತು. ಈಗ ವಾರಕ್ಕೆ ಮೂರು ಸಂಜೆ ಅವಳು ಗೋಡೆ ಹತ್ತುವ ವ್ಯಾಯಾಮಶಾಲೆಗೆ ಹೋಗುತ್ತಾಳಂತೆ. ಬಂಡೆಯಂತೆ ಕಟ್ಟಿದ ಗೋಡೆ, ಅದಕ್ಕೆ ಬಣ್ಣಬಣ್ಣದ ಹಿಡಿಗಳು, ಕೈಗೆ ಬಿಳಿ ಪುಡಿ ಬಳಿದುಕೊಂಡು ಹತ್ತುವುದು. ಮನೆಗೆ ಬಂದಾಗ ಬಟ್ಟೆಯೆಲ್ಲ ಬಿಳಿ, ರಾತ್ರಿಯೆಲ್ಲ ಕೆಮ್ಮು. ‘ಮದುವೆ ವಯಸ್ಸಿನ ಹುಡುಗಿಗೆ ಗೋಡೆ ಹತ್ತುವ ಚಾಳಿ ಯಾಕೆ ಬೇಕು, ಬಿಡಿಸಿಬಿಡು’ ಎಂದು ಮನೆಯವರ ಒತ್ತಾಯ. ‘ಊರಿಗೆ ಬಾ, ನಮ್ಮ ಕಾಡಿನ ಗಾಳಿ ಕುಡಿದರೆ ಎಲ್ಲಾ ನೆಟ್ಟಗಾಗುತ್ತದೆ’ ಎಂದು ತಾಯಿ ಅವಳನ್ನು ಜಾತ್ರೆಗೆ ಕರೆಸಿಕೊಂಡರು. ಆದರೆ ಬಂದ ಎರಡನೆಯ ದಿನವೇ ಅಡಿಗೆಮನೆಯಲ್ಲಿ ಅವಳಿಗೆ ಉಸಿರು ಹಿಡಿಯಿತು. ‘ಅವ್ವಾ, ನಾ ಹೊರಗ ಕೂಡತೇನಬೇ, ಇಲ್ಲಿ ದಮ್ಮು ಕಟ್ಟತೈತಿ’ ಎಂದು ಅಂಗಳಕ್ಕೆ ಹೋಗಿ ಕೂತಳಂತೆ.

‘ಪಟ್ಟಣದ ಪುಡಿಯಿಂದ ಅವಳ ಎದೆ ಅಷ್ಟು ಕೆಟ್ಟುಹೋಗಿದೆಯೇ? ಆ ಆಟ ಬಿಡಿಸಲೇ?’ ಇದು ಅವರ ಪ್ರಶ್ನೆ. ಪತ್ರದ ತುದಿಯಲ್ಲಿ ಇನ್ನೊಂದು ಸಾಲಿದೆ: ‘ಬೆಳಗಿನ ಕೆಮ್ಮು ನನಗೂ ಉಂಟು. ಅದು ಮೊದಲಿನಿಂದ ಇದ್ದದ್ದೇ, ಅದನ್ನು ಬಿಡಿರಿ.’

ಸೋದರಿ, ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಆದರೆ ಆ ಕೊನೆಯ ಸಾಲನ್ನು ಬಿಡಿರಿ ಎಂದರೆ ನಾನು ಬಿಡುವವಳಲ್ಲ. ಮೊದಲು ಮಗಳ ವಿಷಯ ಮುಗಿಸೋಣ.

ಆ ಬಿಳಿ ಪುಡಿ ಯಾವುದು? ಶಾಲೆಯ ಬಳಪದ ಪುಡಿಯಲ್ಲ. ಹಲಗೆಯ ಮೇಲೆ ಬರೆಯುವ ಬಳಪವನ್ನು ಸುಣ್ಣಕಲ್ಲಿನಿಂದ ಇಲ್ಲವೇ ಜಿಪ್ಸಮ್ಮಿನಿಂದ ಮಾಡುತ್ತಾರೆ. ಗೋಡೆ ಹತ್ತುವವರದು ಮೆಗ್ನೀಸಿಯಂ ಕಾರ್ಬೊನೇಟ್. ಜಿಮ್ನಾಸ್ಟಿಕ್ಸ್ ಮಾಡುವವರೂ, ಭಾರ ಎತ್ತುವವರೂ ಅಂಗೈಗೆ ತಿಕ್ಕಿಕೊಳ್ಳುವುದು ಇದನ್ನೇ. ದೂರದರ್ಶನದಲ್ಲಿ ಒಲಿಂಪಿಕ್ಸ್ ನೋಡುವಾಗ ಚಪ್ಪಾಳೆ ತಟ್ಟಿದೊಡನೆ ಬಿಳಿಯ ಮೋಡ ಏಳುವುದನ್ನು ನೀವೂ ಕಂಡಿರುತ್ತೀರಿ. ಅಂಗೈಯ ಬೆವರನ್ನು ಅದು ಹೀರಿ ಹಿಡಿತ ಜಾರದಂತೆ ಮಾಡುತ್ತದೆ. ಬಂಡೆ ಹತ್ತುವವರಿಗೆ ಇದನ್ನು ರೂಢಿ ಮಾಡಿಸಿದವರು ಅಮೆರಿಕದ ಜಾನ್ ಗಿಲ್; 1950ರ ದಶಕದಲ್ಲಿ ಜಿಮ್ನಾಸ್ಟಿಕ್ಸಿನಿಂದ ಅವರು ಅದನ್ನು ಬಂಡೆಯ ಬಳಿಗೆ ತಂದರು. ಹತ್ತುವ ಆಟ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಸೇರಿತು. ಆದ್ದರಿಂದ ಇದು ಚಾಳಿ ಅಲ್ಲ, ಮೈಗೂ ಮನಸ್ಸಿಗೂ ಬಲ ಕೊಡುವ ಒಂದು ಒಳ್ಳೆಯ ಕ್ರೀಡೆ ಎಂದು ಮನೆಯವರಿಗೆ ಧೈರ್ಯವಾಗಿ ಹೇಳಿ.

ಈ ಪುಡಿ ವಿಷವಲ್ಲ. ಬಯಲಿನಲ್ಲಿ, ಬಾದಾಮಿಯ ಕೆಂಪು ಬಂಡೆಯ ಮೇಲೆ ಹತ್ತುವವರ ಕೈಯಿಂದ ಎದ್ದದ್ದನ್ನು ಗಾಳಿ ಅಲ್ಲಿಂದಲ್ಲೇ ಹಾರಿಸಿಕೊಂಡು ಹೋಗುತ್ತದೆ. ತೊಂದರೆ ಇರುವುದು ಮುಚ್ಚಿದ ಕೋಣೆಯಲ್ಲಿ. ಉಳವಿಗೆ ಹೋಗಿಬಂದವರು ಅಲ್ಲಿಯ ಗವಿಗಳನ್ನು ನೋಡಿರುತ್ತೀರಿ. ಇಕ್ಕಟ್ಟಾದ ಗವಿಯೊಳಗೆ ನಾಲ್ಕು ಜನ ಸೇರಿ ಕರ್ಪೂರ ಹಚ್ಚಿದರೆ ಎದೆ ಬಿಗಿದಂತಾಗುವುದಿಲ್ಲವೇ? ಅದೇ ಕರ್ಪೂರವನ್ನು ತೇರಿನ ಮುಂದೆ ಬಯಲಲ್ಲಿ ಹಚ್ಚಿದರೆ ಪರಿಮಳ ಮಾತ್ರ ಉಳಿಯುತ್ತದೆ. ಕರ್ಪೂರ ಬದಲಾಗಲಿಲ್ಲ, ಗಾಳಿಯ ದಾರಿ ಬದಲಾಯಿತು. ಈ ಒಂದು ಮಾತನ್ನು ನೆನಪಿಟ್ಟರೆ ಮುಂದಿನದೆಲ್ಲ ಸುಲಭ.

ಧೂಳಿನಲ್ಲೂ ಹಿರಿದು ಕಿರಿದು ಉಂಟು. ರಾಗಿ ಜರಡಿಯಲ್ಲಿ ತರಿ ಮೇಲೆ ನಿಂತು ಹಿಟ್ಟು ಕೆಳಗಿಳಿಯುವಂತೆ, ದಪ್ಪ ಧೂಳನ್ನು ನಮ್ಮ ಮೂಗು ಮತ್ತು ಗಂಟಲು ತಡೆಯುತ್ತವೆ. ಸೀನಿ, ಕೆಮ್ಮಿ ಹೊರಹಾಕುತ್ತೇವೆ. ಕೂದಲಿನ ದಪ್ಪದ ಏಳರಲ್ಲಿ ಒಂದು ಪಾಲಿಗಿಂತ ಸಣ್ಣದಾದದ್ದು, ಅಂದರೆ 10 ಮೈಕ್ರಾನಿನ ಒಳಗಿನದು, ಶ್ವಾಸನಾಳಕ್ಕೆ ಇಳಿಯುತ್ತದೆ. ಕೂದಲಿನ ಸುಮಾರು ಮೂವತ್ತರಲ್ಲಿ ಒಂದು ಪಾಲಿನಷ್ಟು ಸಣ್ಣದು, ಅಂದರೆ 2.5 ಮೈಕ್ರಾನಿನ ಒಳಗಿನದು, ಪುಪ್ಪುಸದ ಕೊನೆಯ ಗಾಳಿಗೂಡಿನವರೆಗೂ ಹೋಗಿ ಕೂರುತ್ತದೆ. ಇದು ಕಣ್ಣಿಗೆ ಬೀಳುವುದೂ ಇಲ್ಲ. ಕಂಡ ಧೂಳಿಗಿಂತ ಕಾಣದ ಧೂಳೇ ಕೇಡು ಎನ್ನುವುದು ಇದಕ್ಕೇ.

ಗೋಡೆ ಹತ್ತುವ ಸಭಾಂಗಣಗಳ ಧೂಳನ್ನು ಜರ್ಮನಿಯ ಸಂಶೋಧಕರು ಅಳೆದು 2008ರಲ್ಲಿ ಪ್ರಕಟಿಸಿದರು. ಒಂದು ಘನ ಮೀಟರ್ ಗಾಳಿಯಲ್ಲಿ 10 ಮೈಕ್ರಾನಿನ ಒಳಗಿನ ಧೂಳು ಸಾಮಾನ್ಯವಾಗಿ 200ರಿಂದ 500 ಮೈಕ್ರೋಗ್ರಾಂ ಇತ್ತು. ಜನ ತುಂಬಿದ ಹೊತ್ತಿನಲ್ಲಿ ಅದು 1,000ದಿಂದ 4,000ದವರೆಗೂ ಏರುತ್ತಿತ್ತು. ಬೇರೆ ಆಟದ ಸಭಾಂಗಣಗಳಲ್ಲಿ ಅದು ಸಾಮಾನ್ಯವಾಗಿ 100ಕ್ಕಿಂತ ಕಡಿಮೆ. ನಮ್ಮ ದೇಶದಲ್ಲಿ ಹೊರಗಿನ ಗಾಳಿಗೆ ಹಾಕಿದ ಮಿತಿ ಇಡೀ ದಿನದ ಸರಾಸರಿಯಲ್ಲಿ 100. ಸಂಜೆಯ ಒಂದೆರಡು ಗಂಟೆಯನ್ನು ಇಡೀ ದಿನದ ಲೆಕ್ಕಕ್ಕೆ ಹೋಲಿಸುವುದು ಪೂರ್ತಿ ಸರಿಯಲ್ಲ, ನಿಜ. ಆದರೂ ಹತ್ತುವಾಗ ಏದುಸಿರು ಬರುತ್ತದೆ, ಮೂಗಿನ ಜರಡಿ ಬಿಟ್ಟು ಬಾಯಿಂದ ಎಳೆದುಕೊಳ್ಳುತ್ತೇವೆ. ದಮ್ಮಿನ ಎದೆಗೆ ಅದು ಹೆಚ್ಚಾಯಿತು. 2025ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದವರೂ ಸ್ವಿಟ್ಜರ್‌ಲೆಂಡಿನವರೂ ಕೂಡಿ ಇನ್ನೊಂದು ವಿಷಯ ಹೊರತಂದರು: ಹತ್ತುವವರ ಬೂಟಿನ ರಬ್ಬರು ಸವೆದು ಅದರ ರಾಸಾಯನಿಕಗಳೂ ಅಲ್ಲಿಯ ಗಾಳಿಯಲ್ಲಿ ಸೇರಿರುತ್ತವೆ.

ಹಾಗೆಂದು ಗಾಬರಿ ಬೇಡ, ಬಿಡಿಸುವುದೂ ಬೇಡ. ಮಗಳಿಗೆ ಈ ಮಾತುಗಳನ್ನು ಬರೆದು ಕಳಿಸಿ:

ಮೊದಲನೆಯದು, ವೈದ್ಯರ ಬಳಿ ಹೋಗಿ ಊದಿಸಿ ನೋಡುವ ಉಸಿರಿನ ಪರೀಕ್ಷೆ ಮಾಡಿಸಿಕೊಳ್ಳಲಿ. ಚಿಕ್ಕಂದಿನ ದಮ್ಮು ದೊಡ್ಡವರಾದ ಮೇಲೆ ಮರಳುವುದುಂಟು. ಸರಿಯಾದ ಔಷಧ ತೆಗೆದುಕೊಳ್ಳುವ ದಮ್ಮಿನವರು ಆಟ ಬಿಡಬೇಕಿಲ್ಲ. ಇನ್‌ಹೇಲರ್ ಎಂದರೆ ಕೊನೆಯ ಗತಿ, ಒಮ್ಮೆ ಹಿಡಿದರೆ ಬಿಡದು ಎಂಬ ಹೆದರಿಕೆ ನಮ್ಮ ಕಡೆ ಬಹಳ. ಅದು ತಪ್ಪು. ಮಾತ್ರೆಯಾದರೆ ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಇನ್‌ಹೇಲರಿನಲ್ಲಿ ಅಲ್ಪ ಮದ್ದು ನೇರವಾಗಿ ಎದೆಗೇ ತಲಪುತ್ತದೆ.

ಎರಡನೆಯದು, ಪುಡಿಯ ಬದಲು ದ್ರವದ ಚಾಕ್ ಬಳಸಲಿ. ಅದೇ ಪುಡಿಯನ್ನು ಮದ್ಯಸಾರದಲ್ಲಿ ಕಲಸಿ ಮಾಡಿದ್ದು. ಅಂಗೈಗೆ ಸವರಿದರೆ ಒಣಗಿ ಹತ್ತಿಕೊಳ್ಳುತ್ತದೆ, ಮೇಲೆ ಹಾರುವುದಿಲ್ಲ. ಜರ್ಮನಿಯವರು 2012ರಲ್ಲಿ ಮತ್ತೆ ಅಳೆದಾಗ ಇದರಿಂದ ಧೂಳು ಬಹಳ ಇಳಿಯುವುದು ಕಂಡುಬಂದಿತ್ತು. ಕೈ ತಟ್ಟಿ ಪುಡಿ ಎಬ್ಬಿಸುವ ಅಭ್ಯಾಸವನ್ನೂ ಬಿಡಲಿ.

ಮೂರನೆಯದು, ಜನ ಮುತ್ತುವ ಸಂಜೆಯ ಬದಲು ಬೆಳಗಿನ ಹೊತ್ತು ಹೋಗಲಿ. ಹೊಸ ಗಾಳಿ ಒಳಬರಲು, ಹಳೆಯದು ಹೊರಹೋಗಲು ದಾರಿ ಇದೆಯೇ, ನೆಲವನ್ನು ಒಣ ಪೊರಕೆಯಲ್ಲಿ ಗುಡಿಸುತ್ತಾರೋ ಒದ್ದೆ ಮಾಡಿ ಒರೆಸುತ್ತಾರೋ ಎಂದು ಅಲ್ಲಿಯವರನ್ನು ಸಂಕೋಚವಿಲ್ಲದೆ ಕೇಳಲಿ. ಹಣ ಕೊಟ್ಟು ಹೋಗುವ ಜಾಗದಲ್ಲಿ ಗಾಳಿ ಕೇಳುವುದು ದಾಕ್ಷಿಣ್ಯದ ವಿಷಯವಲ್ಲ.

ನಾಲ್ಕನೆಯದು, ಬಂದೊಡನೆ ಬಟ್ಟೆ ಬದಲಾಯಿಸಿ, ಮುಖ ಕೈ ತೊಳೆದು, ಆಮೇಲೆ ಹಾಸಿಗೆ ಮುಟ್ಟಲಿ. ಪುಡಿ ಹತ್ತಿದ ಬಟ್ಟೆಯನ್ನು ಕೋಣೆಯೊಳಗೆ ಕೊಡವಬಾರದು.

ಇಷ್ಟು ಮಗಳಿಗಾಯಿತು. ಈಗ ನಿಮ್ಮ ಸರದಿ.

ಅವಳಿಗೆ ಉಸಿರು ಹಿಡಿದದ್ದು ಎಲ್ಲಿ? ನಿಮ್ಮ ಅಡಿಗೆಮನೆಯಲ್ಲಿ. ಹೊರಗೆ ಕಾಳಿ ನದಿಯ ಸೀಮೆಯ ಕಾಡು, ಕೈಯಲ್ಲಿ ಹಿಡಿದು ಕುಡಿಯಬಹುದೆಂಬಂತಹ ಗಾಳಿ. ಅದರ ನಟ್ಟನಡುವೆ ನಾಲ್ಕು ಗೋಡೆ ಕಟ್ಟಿ, ಒಂದು ಸಣ್ಣ ಬೆಳಕಿಂಡಿ ಬಿಟ್ಟು, ಒಳಗೆ ಕಟ್ಟಿಗೆ ಉರಿಸುತ್ತೇವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಿಮ್ಮ ಕಡೆ ಸುರಿಯುವ ಮಳೆ ಎಂಥದೆಂದು ನಾನು ಹೇಳಬೇಕೇ? ಇರಚಲು ಬರುತ್ತದೆಂದು ಕಿಟಕಿಯನ್ನೂ ಮುಚ್ಚುತ್ತೇವೆ. ಕಟ್ಟಿಗೆ ಹಸಿ. ಊದುಗೊಳವೆ ಹಿಡಿದು ಬಗ್ಗಿ, ಕಣ್ಣೀರು ಸುರಿಸುತ್ತ ಊದುತ್ತೇವೆ. ಊದುವ ಮೊದಲು ಎದೆ ತುಂಬ ಎಳೆದುಕೊಳ್ಳುವುದು ಅದೇ ಹೊಗೆಯನ್ನು. ಬೆಳಿಗ್ಗೆ ಚಹಾದಿಂದ ರಾತ್ರಿ ಊಟದವರೆಗೆ ಎಷ್ಟು ಗಂಟೆಯಾಯಿತು? ಮಗಳು ಆ ಧೂಳಿನಲ್ಲಿ ಇರುವುದು ವಾರದಲ್ಲಿ ಮೂರು ಸಂಜೆ. ನೀವು ಈ ಹೊಗೆಯಲ್ಲಿ ಇರುವುದು ಮದುವೆಯಾದ ದಿನದಿಂದ.

ಹೊಗೆ ಮತ್ತು ಚಾಕಿನ ಪುಡಿ ಒಂದೇ ಅಲ್ಲ. ಹೊಗೆ ಇನ್ನೂ ಕೆಟ್ಟದ್ದು. ಕಟ್ಟಿಗೆ ಹೊಗೆಯ ಕಣಗಳು ಬಹುಪಾಲು ಆ ಕಾಣದ, ಪುಪ್ಪುಸದ ಬುಡಕ್ಕಿಳಿಯುವ ಜಾತಿಯವು. ಜೊತೆಗೆ ಇಂಗಾಲದ ಮಾನಾಕ್ಸೈಡ್ ಎಂಬ ವಾಸನೆಯೇ ಇಲ್ಲದ ವಿಷಾನಿಲವೂ ಇರುತ್ತದೆ. ಗುಜರಾತಿನ ಹಳ್ಳಿಗಳಲ್ಲಿ ಅಡಿಗೆ ಮಾಡುವ ಹೆಂಗಸರ ಮೈಗೇ ಅಳೆಯುವ ಸಲಕರಣೆ ಕಟ್ಟಿ, ಕರ್ಕ್ ಸ್ಮಿತ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1983ರಲ್ಲಿ ಪ್ರಕಟಿಸಿದ ಲೆಕ್ಕವೂ ಮೈಕ್ರೋಗ್ರಾಮಿನ ಸಾವಿರಗಳಲ್ಲೇ ಇತ್ತು.

ಅದಕ್ಕೂ ಮೊದಲೇ ಇದನ್ನು ಕಂಡವರು ನಮ್ಮವರೇ, ಅದೂ ಒಬ್ಬ ಮಹಿಳೆ. ದೇಶದ ಮೊದಲ ಮಹಿಳಾ ಹೃದಯತಜ್ಞೆ ಡಾ. ಎಸ್. ಪದ್ಮಾವತಿ. ದಿಲ್ಲಿಯ ರೋಗಿಗಳಲ್ಲಿ ಪುಪ್ಪುಸದ ಕಾಯಿಲೆಯಿಂದ ಹೃದಯದ ಬಲಭಾಗ ಸೋಲುವುದನ್ನು ಕುರಿತು ಅವರು ಸಂಗಡಿಗರೊಂದಿಗೆ 1959ರಲ್ಲಿ ಬರೆದರು. ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೂ ಈ ಕಾಯಿಲೆ ಏಕೆ ಎಂದು ಕೇಳಿಕೊಂಡು, ಸಗಣಿ ಬೆರಣಿ, ಕಟ್ಟಿಗೆ ಉರಿಸುವ ಒಲೆಯ ಹೊಗೆಯತ್ತ ಬೆರಳು ತೋರಿಸಿದರು. 2020ರಲ್ಲಿ, 103ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ಬರೆದು ಅರವತ್ತು ವರ್ಷ ಮೀರಿದ ಮೇಲೂ ನಾವು ‘ಮೊದಲಿನಿಂದ ಇದ್ದದ್ದೇ’ ಎನ್ನುತ್ತಿದ್ದೇವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು 32 ಲಕ್ಷ. ಅದರಲ್ಲಿ ಐದು ವರ್ಷದೊಳಗಿನ ಮಕ್ಕಳೇ 2,37,000ಕ್ಕೂ ಹೆಚ್ಚು. ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ವಾಸಿಯಾಗದ ಉಬ್ಬಸ, ಹೃದಯದ ಕಾಯಿಲೆ, ಪಾರ್ಶ್ವವಾಯು, ಪುಪ್ಪುಸದ ಕ್ಯಾನ್ಸರ್. ಕಣ್ಣಿನ ಪೊರೆ, ಕಡಿಮೆ ತೂಕದ ಕೂಸು, ಇವುಗಳಿಗೂ ಹೊಗೆಗೂ ನಂಟಿದೆ. ಇಷ್ಟನ್ನು ಹೆದರಿಸಲು ಬರೆಯುತ್ತಿಲ್ಲ. ನಿಮ್ಮ ಬೆಳಗಿನ ಕೆಮ್ಮಿಗೆ ಒಂದು ಹೆಸರಿರಬಹುದು, ಹೆಸರಿದ್ದರೆ ಮದ್ದೂ ಇದೆ ಎಂದು ತಿಳಿಸಲು ಬರೆಯುತ್ತಿದ್ದೇನೆ. ವರ್ಷದಲ್ಲಿ ಮೂರು ತಿಂಗಳು ಕಫದ ಕೆಮ್ಮು, ಎರಡು ವರ್ಷ ಬಿಡದೆ ಬಂದರೆ ಅದು ಸಾಧಾರಣ ನೆಗಡಿಯಲ್ಲ. ದಿಬ್ಬ ಹತ್ತುವಾಗ ಒಂದೇ ಪ್ರಾಯದವರಿಗಿಂತ ಮೊದಲೇ ನೀವು ನಿಲ್ಲಬೇಕಾಗುತ್ತಿದ್ದರೆ, ಪಾದ ಊದುತ್ತಿದ್ದರೆ, ಕಫದಲ್ಲಿ ರಕ್ತ ಕಂಡರೆ, ಎರಡು ವಾರ ಮೀರಿದ ಕೆಮ್ಮಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ‘ನಾನು ಇಷ್ಟು ವರ್ಷದಿಂದ ಕಟ್ಟಿಗೆ ಒಲೆಯಲ್ಲಿ ಅಡಿಗೆ ಮಾಡುತ್ತೇನೆ’ ಎಂದು ನೀವಾಗಿಯೇ ಹೇಳಿ. ಗಂಡಸರನ್ನಾದರೆ ಬೀಡಿ ಸೇದುತ್ತೀರಾ ಎಂದು ಕೇಳುತ್ತಾರೆ. ಹೆಂಗಸರನ್ನು ಒಲೆಯ ಬಗ್ಗೆ ಕೇಳುವವರು ಕಡಿಮೆ.

ಇನ್ನು ಬಾಣಂತಿ ಕೋಣೆ. ಇದನ್ನು ಎಲ್ಲ ಸೋದರಿಯರೂ ಗಮನವಿಟ್ಟು ಓದಬೇಕು. ಬಾಣಂತಿಗೆ ಥಂಡಿ ತಾಗಬಾರದು, ಕೂಸಿಗೆ ಗಾಳಿ ಹೊಡೆಯಬಾರದು ಎಂದು ಕಿಟಕಿ ಬಾಗಿಲು ಮುಚ್ಚಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ಪದ್ಧತಿ ಹಲವು ಮನೆಗಳಲ್ಲಿ ಇನ್ನೂ ಇದೆ. ಹಿರಿಯರ ಅಕ್ಕರೆ ದೊಡ್ಡದು. ಆದರೆ ಹೊಗೆಯಾಡದ ಕೆಂಡದಿಂದಲೂ ಆ ವಾಸನೆಯಿಲ್ಲದ ಅನಿಲ ಬರುತ್ತದೆ. ರಕ್ತ ಅದನ್ನು ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ವಾಂತಿ, ಮಂಪರು. ಮಲಗಿದವರು ಏಳದೆ ಹೋದದ್ದೂ ಉಂಟು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬಾರದು. ಕೂಸಿನ ತಲೆಗೆ ಸಾಂಬ್ರಾಣಿ ಹೊಗೆ ಹಾಕುವುದೂ ಬೇಡ. ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿದರೆ ಕೂದಲು ಆರುತ್ತದೆ. ಪೌಡರು ಡಬ್ಬಿಯನ್ನು ಕೂಸಿನ ಮೇಲೆ ಕೊಡವುವುದನ್ನೂ ನಿಲ್ಲಿಸಿ. ಆ ನುಣ್ಣನೆಯ ಪುಡಿ ಕೂಸಿನ ಮೂಗಿಗೆ ಹೋಗುತ್ತದೆ, ಪ್ರಯೋಜನ ಏನೂ ಇಲ್ಲ. ಬೆಚ್ಚಗಿಡಬೇಕೇ? ಕೂಸನ್ನು ತಾಯಿಯ ಎದೆಗೆ ಒರಗಿಸಿ ಮೇಲೆ ಹೊದಿಸಿ. ಅದಕ್ಕಿಂತ ಒಳ್ಳೆಯ ಅಗ್ಗಿಷ್ಟಿಕೆ ಯಾವ ಅಂಗಡಿಯಲ್ಲೂ ಸಿಗದು.

‘ಗ್ಯಾಸ್ ತಗೊಳ್ಳಿ ಅಂತ ಹೇಳಿಬಿಡ್ತೀರಿ, ಅಷ್ಟೇ ತಾನೆ’ ಎಂದು ನೀವು ನಗಬಹುದು. ಅಷ್ಟೇ ಅಲ್ಲ. ಉಜ್ವಲ ಯೋಜನೆ 2016ರ ಮೇ 1ರಂದು ಶುರುವಾದ ಮೇಲೆ ಬಹಳ ಮನೆಗಳಿಗೆ ಸಿಲಿಂಡರು ಬಂದಿದೆ. ಬಂದದ್ದು ನಿಜ, ಮುಗಿದ ಮೇಲೆ ತುಂಬಿಸಲು ಹಣವೂ ಬೇಕು, ಕಾಡಿನ ದಾರಿಯಲ್ಲಿ ಹೊತ್ತು ತರುವವರೂ ಬೇಕು. ಆದ್ದರಿಂದ ಚಹಾಕ್ಕೆ ಗ್ಯಾಸು, ಅನ್ನ ಸಾರಿಗೆ ಕಟ್ಟಿಗೆ, ಸ್ನಾನದ ಹಂಡೆಗೆ ದೊಡ್ಡ ಕಟ್ಟಿಗೆ ಎನ್ನುವುದು ರೂಢಿ. ಗ್ಯಾಸಿದ್ದವರು ಒಂದು ಬದಲಾವಣೆ ಮಾಡಿ: ಅತಿ ಹೆಚ್ಚು ಹೊತ್ತು ಬೇಯುವ ಬೇಳೆ ಕಾಳನ್ನು ಕುಕ್ಕರಿನಲ್ಲಿ ಗ್ಯಾಸಿಗೆ ಏರಿಸಿ. ಹಂಡೆಯ ಒಲೆ ಅಡಿಗೆಮನೆಯ ಗೋಡೆಗೆ ಅಂಟಿದ್ದರೆ ಅದರ ಹೊಗೆಗೆ ಬೇರೆ ದಾರಿ ಮಾಡಿಸಿ. ಒಂದು ಒಲೆ ಆರಿಸಿ ಇನ್ನೊಂದರ ಹೊಗೆ ಕುಡಿದರೆ ಏನು ಬಂತು?

ಕಟ್ಟಿಗೆಯೇ ಗತಿ ಎನ್ನುವವರಿಗೂ ದಾರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಆರಂಭವಾಯಿತು. ಅಲ್ಲಿಯವರು ಎಂಬತ್ತರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆಯ ಹೆಸರನ್ನು ನಿಮ್ಮ ಅತ್ತೆಯವರು ಕೇಳಿರಬಹುದು. ಮೂರು ಪಾತ್ರೆ ಸಾಲಾಗಿ ಕೂರುವ ಮಣ್ಣಿನ ಒಲೆ. ಉರಿ ಒಂದೇ, ಅದರ ಬಿಸಿ ಎರಡನೆಯ, ಮೂರನೆಯ ಪಾತ್ರೆಯ ತಳ ಸವರಿ, ಕೊನೆಗೆ ಕೊಳವೆಯಿಂದ ಮಾಡಿನ ಮೇಲಕ್ಕೆ ಹೋಗುತ್ತದೆ. ಕಟ್ಟಿಗೆಯೂ ಉಳಿಯಿತು, ಹೊಗೆಯೂ ಹೊರಗೆ ಹೋಯಿತು. ಇಂಥ ಕೊಳವೆಯ ಒಲೆಗಳನ್ನು ಹಾಕಿಸಿಕೊಂಡ ಮನೆಗಳಲ್ಲೂ ಕೆಲವು ಒಲೆಗಳು ಎರಡೇ ವರ್ಷಕ್ಕೆ ಹೊಗೆ ಕಾರತೊಡಗುತ್ತವೆ. ಕಾರಣ ಒಲೆಯದಲ್ಲ, ಕೊಳವೆಯಲ್ಲಿ ಮಸಿ ಕಟ್ಟಿಕೊಂಡಿರುತ್ತದೆ. ತಿಂಗಳಿಗೊಮ್ಮೆ ಉದ್ದ ಬಿದಿರಿನ ತುದಿಗೆ ಚಿಂದಿ ಕಟ್ಟಿ ಕೊಳವೆ ಉಜ್ಜಬೇಕು. ಪಾತ್ರೆ ಇಲ್ಲದ ಕಣ್ಣನ್ನು ಮುಚ್ಚಿಡಬೇಕು. ಒಲೆಯ ಬಾಯನ್ನು ದೊಡ್ಡ ಕಟ್ಟಿಗೆ ತುರುಕಲೆಂದು ಒಡೆಯಬಾರದು.

ಅತ್ತೆಯವರ ಆಕ್ಷೇಪಣೆಯೂ ನನಗೆ ಗೊತ್ತು: ‘ಹೊಗೆ ಇದ್ದರೇ ಅಟ್ಟದ ಮೇಲಿನ ಉಪ್ಪಾಗೆ ಒಣಗೋದು, ಮಾಡಿಗೆ ಹುಳ ಹಿಡಿಯೋದಿಲ್ಲ.’ ಅವರ ಮಾತು ಸುಳ್ಳಲ್ಲ. ಮಳೆಗಾಲದಲ್ಲಿ ಬಿಸಿಲಿಲ್ಲದ ಊರಿನಲ್ಲಿ ಒಲೆಯೇ ಬಿಸಿಲು. ಆದರೆ ಕಾಯಿ ಒಣಗಿಸುವುದು ಬಿಸಿ, ಹೊಗೆಯಲ್ಲ. ಒಣಗಿಸುವ ಅಟ್ಟವನ್ನು ಮನೆಯಿಂದ ಬೇರೆ ಮಾಡಿ ಚಪ್ಪರದಲ್ಲಿ ಇಟ್ಟರೆ ಉಪ್ಪಾಗೆಯೂ ಒಣಗುತ್ತದೆ, ಸೊಸೆಯ ಎದೆಯೂ ಉಳಿಯುತ್ತದೆ. ಅತ್ತೆಯವರೊಡನೆ ವಾದ ಮಾಡಬೇಡಿ. ಅವರ ಎದೆಯಲ್ಲೂ ಅದೇ ಹೊಗೆಯಿದೆ. ನಿಮಗಿಂತ ಇಪ್ಪತ್ತೈದು ವರ್ಷ ಹೆಚ್ಚಿನದು. ವೈದ್ಯರ ಬಳಿ ಹೋಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಕಾಸು ಖರ್ಚಿಲ್ಲದೆ ಈ ವಾರವೇ ಮಾಡಬಹುದಾದದ್ದು ಇಷ್ಟು:

ಒಲೆಯ ಮೇಲ್ಭಾಗದ ಗೋಡೆಯಲ್ಲಿ, ಮಾಡಿಗೆ ಸಮೀಪ, ಎರಡು ಹಂಚು ಎತ್ತರಿಸಿ ಅಥವಾ ಒಂದು ಕಿಂಡಿ ಬಿಡಿಸಿ. ಹೊಗೆ ಬಿಸಿ, ಅದು ಮೇಲಕ್ಕೇ ಹೋಗುತ್ತದೆ. ದಾರಿ ಕೆಳಗಿದ್ದರೆ ಪ್ರಯೋಜನವಿಲ್ಲ. ಎದುರಿನ ಬಾಗಿಲು ತೆರೆದಿರಲಿ, ಒಳಬರುವ ಗಾಳಿ ಹೊಗೆಯನ್ನು ತಳ್ಳುತ್ತದೆ.

ಮಳೆಗೆ ಮುಂಚೆ ಕಟ್ಟಿಗೆಯನ್ನು ಸೀಳಿ ಒಣಗಿಸಿ, ಮಾಡಿನ ಕೆಳಗೆ ಪೇರಿಸಿ. ಸಣ್ಣ ಸೀಳು, ಒಣ ಸೀಳು ಚೆನ್ನಾಗಿ ಉರಿಯುತ್ತದೆ, ಕಡಿಮೆ ಹೊಗೆಯುತ್ತದೆ. ಪ್ಲಾಸ್ಟಿಕ್ ಚೀಲ, ರಬ್ಬರು, ಬಣ್ಣದ ಹಲಗೆ ಇವನ್ನು ಉರಿ ಹತ್ತಿಸಲು ಎಂದೂ ಬಳಸಬೇಡಿ.

ಕಾಳು ಬೇಳೆ ನೆನೆಸದೆ ಒಲೆಗೆ ಏರಿಸಬೇಡಿ. ಪಾತ್ರೆಗೆ ಯಾವಾಗಲೂ ಮುಚ್ಚಳ ಇರಲಿ.

ಒಲೆ ಉರಿಯುವಾಗ ಕೂಸನ್ನು ಸೊಂಟದ ಮೇಲೆ ಎತ್ತಿಕೊಂಡು ಅಡಿಗೆ ಮಾಡಬೇಡಿ. ಬಸುರಿಗೆ ಆ ತಿಂಗಳುಗಳಲ್ಲಾದರೂ ಒಲೆಯ ಕೆಲಸ ಕೊಡಬೇಡಿ. ಹೊರಗಿನ ಕೆಲಸ, ಕೂತು ಮಾಡುವ ಕೆಲಸ ಕೊಡಿ.

ಸೊಳ್ಳೆಬತ್ತಿಯನ್ನು ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಸುವ ಬದಲು ಸೊಳ್ಳೆಪರದೆ ಕಟ್ಟಿ. ದೇವರ ಮುಂದೆ ಊದುಬತ್ತಿ ಒಂದು ಸಾಕು, ಕಿಟಕಿ ತೆರೆದಿರಲಿ. ರಂಗೋಲಿ ಪುಡಿಯನ್ನು ಡಬ್ಬಿಗೆ ಸುರಿಯುವಾಗ, ನೆಲ ಗುಡಿಸುವಾಗ ನೀರು ಚಿಮುಕಿಸಿಕೊಳ್ಳಿ.

ಇದರೊಂದಿಗೆ ಹುಲ್ಲಿನ ಬುಟ್ಟಿಯ ಅಡಿಗೆ ಮಾಡಿ ನೋಡಿ. ಅಗಲವಾದ ಬಿದಿರಿನ ಬುಟ್ಟಿಯ ತಳಕ್ಕೂ ಸುತ್ತಲಿಗೂ ಒಣ ಹುಲ್ಲನ್ನು ನಾಲ್ಕು ಬೆರಳು ದಪ್ಪಕ್ಕೆ ಒತ್ತಿ ತುಂಬಿ, ನಡುವೆ ಪಾತ್ರೆ ಕೂರುವಷ್ಟು ಗುಳಿ ಬಿಡಿ. ಹಳೆಯ ಸೀರೆಯೊಂದನ್ನು ಒಳಗೆ ಹಾಸಿ. ನೆನೆಸಿದ ಅಕ್ಕಿಯನ್ನು ಒಂದಕ್ಕೆ ಎರಡು ನೀರಿನಲ್ಲಿ ಹಾಕಿ, ಐದು ನಿಮಿಷ ಚೆನ್ನಾಗಿ ಕುದಿಸಿ, ಬಿಗಿಯಾದ ಮುಚ್ಚಳ ಮುಚ್ಚಿ, ಕೂಡಲೇ ಬುಟ್ಟಿಯಲ್ಲಿ ಇಡಿ. ಮೇಲೆ ಹುಲ್ಲು ತುಂಬಿದ ದಿಂಬು ಅಥವಾ ಕಂಬಳಿ ಒತ್ತಿ ಮುಚ್ಚಿ. ನಡುವೆ ತೆರೆದು ನೋಡಬಾರದು. ಒಂದು ಗಂಟೆಗೆ ಅನ್ನ ಅರಳಿರುತ್ತದೆ. ನಿಮ್ಮ ಅಕ್ಕಿಗೆ ನೀರು ಹೆಚ್ಚು ಕಡಿಮೆ ಎಷ್ಟು ಬೇಕೆಂದು ಎರಡು ಸಲದಲ್ಲಿ ತಿಳಿದುಬಿಡುತ್ತದೆ.

ಅದಕ್ಕೆ ಜೊತೆಯಾಗಿ ಒಂದೆಲಗದ ತಂಬುಳಿ. ಒಂದು ಹಿಡಿ ಒಂದೆಲಗದ ಎಲೆಯನ್ನು ತೊಳೆದುಕೊಳ್ಳಿ. ಅರ್ಧ ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು ಎಲೆಯನ್ನೂ ಅದರಲ್ಲೇ ಬಾಡಿಸಿ. ಕಾಲು ಕಡಿ ತೆಂಗಿನ ತುರಿಯೊಂದಿಗೆ ನುಣ್ಣಗೆ ಬೀಸಿ, ಎರಡು ಲೋಟ ಮಜ್ಜಿಗೆಯಲ್ಲಿ ಕದಡಿ, ಉಪ್ಪು ಹಾಕಿ, ಸಾಸಿವೆ ಒಗ್ಗರಣೆ ಕೊಡಿ. ಕುದಿಸುವ ಕೆಲಸವೇ ಇಲ್ಲ. ಒಂದು ಹೊತ್ತಿನ ಊಟಕ್ಕೆ ಒಲೆ ಉರಿದದ್ದು ಕಾಲು ಗಂಟೆ ಮಾತ್ರ.

ಮನೆಯ ಯಜಮಾನರಿಗೆ ಒಂದು ಮಾತು. ಈ ಪುಟವನ್ನು ನಿಮ್ಮಾಕೆ ನಿಮ್ಮ ಮುಂದೆ ಇಟ್ಟಿದ್ದರೆ ಕೋಪ ಬೇಡ. ಟ್ರ್ಯಾಕ್ಟರಿನ ಹೊಗೆಕೊಳವೆ ಒಡೆದರೆ ಅದೇ ದಿನ ದಾಂಡೇಲಿಗೋ ಹಳಿಯಾಳಕ್ಕೋ ಒಯ್ದು ಬೆಸುಗೆ ಹಾಕಿಸುತ್ತೀರಿ. ಅಡಿಗೆಮನೆಗೆ ಒಂದು ಕೊಳವೆ ಹಾಕಿಸುವುದು ‘ಮುಂದಿನ ಸುಗ್ಗಿಗೆ ನೋಡೋಣ’ ಎಂದು ಎಷ್ಟು ಸುಗ್ಗಿ ಕಳೆಯಿತು? ಒಂದು ದಿನ, ಒಂದೇ ದಿನ, ಬೆಳಗಿನ ಅಡಿಗೆ ಮುಗಿಯುವವರೆಗೆ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು ನೋಡಿ. ಆಮೇಲೆ ನಾವು ಹೇಳಬೇಕಾದ್ದು ಏನೂ ಉಳಿಯುವುದಿಲ್ಲ.

ಸೋದರಿಯರೇ, ಕೊನೆಗೊಂದು ಪರೀಕ್ಷೆ. ಬಿಳಿಯ ಹತ್ತಿ ಬಟ್ಟೆಯ ಎರಡು ತುಂಡು ತೆಗೆದುಕೊಳ್ಳಿ. ಒಂದನ್ನು ಒದ್ದೆ ಮಾಡಿ ಒಲೆಯ ಪಕ್ಕ, ನೀವು ಕೂತಾಗ ನಿಮ್ಮ ಮೂಗು ಎಲ್ಲಿರುತ್ತದೋ ಆ ಎತ್ತರಕ್ಕೆ, ಎರಡು ದಿನ ತೂಗುಹಾಕಿ. ಇನ್ನೊಂದನ್ನು ಪಡಸಾಲೆಯಲ್ಲಿ ಹಾಕಿ. ಮೂರನೆಯ ದಿನ ಎರಡನ್ನೂ ಬೆಳಕಿಗೆ ಹಿಡಿಯಿರಿ. ಇದು ತಜ್ಞರ ಅಳತೆಯಲ್ಲ, ಕಾಣದ ಕಣ ಇದಕ್ಕೆ ಸಿಕ್ಕುವುದೂ ಇಲ್ಲ. ಆದರೆ ಮನೆಮಂದಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಕಿಂಡಿ ಬಿಡಿಸಿದ ಮೇಲೆ ಅದೇ ಜಾಗದಲ್ಲಿ ಹೊಸ ಬಟ್ಟೆ ಹಾಕಿ ನೋಡಿ, ಎಷ್ಟು ವ್ಯತ್ಯಾಸವಾಯಿತೆಂದು ನಮಗೆ ಬರೆಯಿರಿ. ನಿಮ್ಮ ಊರಿನ ಒಲೆ, ಕೊಳವೆ, ಅಟ್ಟಗಳಲ್ಲಿ ನೀವೇ ಕಂಡುಕೊಂಡ ಉಪಾಯಗಳಿದ್ದರೆ ಅವನ್ನೂ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಹಂಚಿಕೊಳ್ಳೋಣ.